ಮುಗಿಸದೆ ಬಿಟ್ಟ ಆಟಗಳು, ಮುಗಿಸಿದ ಒಂದು

ವಿಡಿಯೋ ಗೇಮ್ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಮಸ್ಕತ್‌ನ ಈ ಅಲ್ ಹೈಲ್ ಬಡಾವಣೆಯಲ್ಲಿ ಯಾರೂ ಇಲ್ಲ. ಮುಗಿಸುವ ವಿಷಯ ಮಾತ್ರ ಕೇಳಬೇಡಿ. ರಾಜ್ಯ ಉಳಿಸಲು ಹೊರಟ ನನ್ನ ವೀರರೆಲ್ಲ ಯಾವುದೋ ಕೆರೆಯ ದಂಡೆಯಲ್ಲಿ ಮೀನು ಹಿಡಿಯುತ್ತ ಕುಳಿತಿದ್ದಾರೆ. ರಾಜಕುಮಾರಿ ಇನ್ನೂ ಸೆರೆಯಲ್ಲೇ ಇದ್ದಾಳೆ. ನನ್ನ ಗಂಡ ತಟ್ಟೆಯಲ್ಲಿ ಕರಿಬೇವನ್ನೂ ಬಿಡದ ಮನುಷ್ಯ. ಟಿ.ವಿ. ಮುಂದೆ ನನ್ನನ್ನು ಕಂಡಾಗಲೆಲ್ಲ, "ಒಂದಾದ್ರೂ ಮುಗ್ಸಿದ್ದುಂಟಾ ನೀನು? ಬರೀ ಆರಂಭಶೂರತ್ವ!" ಎನ್ನುತ್ತಾರೆ.

ನನಗೆ ಇದರಲ್ಲಿ ಎಳ್ಳಷ್ಟೂ ನಾಚಿಕೆಯಿಲ್ಲ. ಜನ ಆಟ ಬಿಡುವುದು ಸೋಮಾರಿತನದಿಂದ ಎನ್ನುವವರು ಆಟವನ್ನೇ ಆಡಿದವರಲ್ಲ. ಕೆಲವರಿಗೆ ಕಷ್ಟವಾಗುತ್ತದೆ, ಕೆಲವರಿಗೆ ಹೊಸ ಆಟ ಕಣ್ಣು ಕುಕ್ಕುತ್ತದೆ; ಎರಡು ವಾರ ಬಿಟ್ಟು ಬಂದರೆ ಯಾವ ಬಟನ್ ಒತ್ತಿದರೆ ಕತ್ತಿ ಏಳುತ್ತದೆ ಎಂಬುದೇ ಮರೆತಿರುತ್ತದೆ. ನನ್ನ ಕಾರಣ ಬೇರೆ. ಕಚೇರಿಯಲ್ಲಿ ದಿನವಿಡೀ "ಖಲಾಸ್? ಖಲಾಸ್?" ಎಂದು ಬೆನ್ನು ಹತ್ತುವವರ ನಡುವೆ ನನ್ನ ಕೆಲಸ. ಆ ಅರಬಿ ಪದಕ್ಕೆ ಮುಗಿಯಿತು ಎಂದರ್ಥ; ಬಿಲ್ಲಿಗೂ ಅದೇ, ಊಟಕ್ಕೂ ಅದೇ, ನೌಕರಿಗೂ ಅದೇ. ಮನೆಗೆ ಬಂದ ಮೇಲಾದರೂ ಯಾರೂ ಹಾಗೆ ಕೇಳದ ಒಂದು ಜಾಗ ನನಗೆ ಬೇಕು. ಕೊನೆಯ ಬಾಗಿಲು ತೆರೆಯದಿರುವಷ್ಟು ದಿನ ಆಟ ನಮ್ಮದು, ಇದು ನನ್ನ ಸಿದ್ಧಾಂತ.

ಅದನ್ನು ಒಪ್ಪದವರೆಂದರೆ ಎದುರು ಫ್ಲ್ಯಾಟಿನ ಮೈಸೂರಿನ ಹೆಂಗಸು. ಒಂದು ಸಂಜೆ ಹೆಪ್ಪಿಗೆ ಮೊಸರು ಕೇಳಲು ಬಂದವರು ನನ್ನ ಕೈಯಲ್ಲಿದ್ದ ಕಂಟ್ರೋಲರ್ ನೋಡಿ, "ಇದನ್ನ ಹೆಂಗ್ ಆಡೋದು ರೀ?" ಎಂದು ಕುಳಿತೇಬಿಟ್ಟರು. ಹಾಲಿಗೆ ಹೆಪ್ಪು ಹಾಕಿದ್ದು ಮರುದಿನ. ನಾವು ಹಿಡಿದದ್ದು ಇಬ್ಬರು ಸೇರಿಯೇ ಆಡಬೇಕಾದ ಆಟ: ಒಬ್ಬಳು ಸೇತುವೆ ಇಳಿಸಿದರೆ ಇನ್ನೊಬ್ಬಳು ದಾಟಬೇಕು. ಪರದೆಯ ಮೇಲೆ ಪ್ರಪಾತ ಬಂದಾಗ ಅವರು ಸೋಫಾದಲ್ಲಿ ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಪ್ರತಿ ಗುರುವಾರ ಸಂಜೆ, ಗಂಡಸರು ಮೀನು, ತರಕಾರಿಗೆ ಹೊರಟರೆ ನಾವು ಶುರು. ಮಸ್ಕತ್‌ಗೆ ಬಂದಮೇಲೆ ನಾನು ಬೇರೆ ಯಾರೊಂದಿಗೂ ಅಷ್ಟು ನಕ್ಕಿರಲಿಲ್ಲ.

ಒಂದು ಗುರುವಾರ ಅವರು ಕೂರುವ ಮೊದಲೇ ಹೇಳಿದರು: "ಇವರ ಪ್ರಾಜೆಕ್ಟ್ ನಿಂತೋಯ್ತು ರೀ. ತಿಂಗಳ ಕೊನೆಗೆ ಮೈಸೂರಿಗೆ ಹೊರಡ್ತೀವಿ. ಅಷ್ಟರಲ್ಲಿ ಇದನ್ನ ಮುಗಿಸಿಬಿಡೋಣ."

ಅಂದಿನಿಂದ ನಾನು ಆಡಿದ್ದೆಲ್ಲ ಆಟದ ಕೊನೆಯನ್ನು ಮುಂದೂಡುವುದಕ್ಕೆ. ದಾರಿಯ ಪೆಟ್ಟಿಗೆಗಳನ್ನೆಲ್ಲ ತೆರೆದೆ, ಬೇಡದ ಗುಹೆಗಳಿಗೆ ನುಗ್ಗಿದೆ, ಬೇಕೆಂದೇ ಹೊಂಡಕ್ಕೆ ಬಿದ್ದೆ. ಆದರೂ ಅವರು ಹೊರಡುವ ಹಿಂದಿನ ಸಂಜೆ ಕೊನೆಯ ಬಾಗಿಲು ಎದುರಾಯಿತು. ಅದಕ್ಕೆ ಎರಡು ಹಿಡಿಕೆ. ಇಬ್ಬರೂ ಒಟ್ಟಿಗೆ ಎಳೆಯಬೇಕು. ಅವರು ಎಳೆದು ಹಿಡಿದರು. ನಾನು ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.

"ಇದೊಂದು ಹೀಗೇ ಇರ್ಲಿ ಮಾರಾಯ್ರೆ. ಊರಿಗೆ ಹೋಗಿ ಆನ್‌ಲೈನ್ ಬನ್ನಿ, ಆಗ ಮುಗಿಸುವ," ಎಂದೆ. ಏನೋ ದೊಡ್ಡ ಉಪಕಾರ ಮಾಡುತ್ತಿರುವವಳ ಧಾಟಿ ನನ್ನದು.

ಅವರ ಮುಖ ಕೆಂಪಾಯಿತು. "ನಿಮಗೇನ್ ರೀ, ನೀವು ಇಲ್ಲೇ ಇರ್ತೀರ. ಅರ್ಧಕ್ಕೆ ಬಿಡೋದು ನಿಮಗೆ ಚೆಂದ. ನಮ್ದು ನೋಡಿ, ಇವರ ಕೆಲಸ ಅರ್ಧ, ಮಗನ ಕ್ಲಾಸು ಅರ್ಧ. ನಾನು ಅರಬಿ ಕಲಿಯೋಕೆ ಸೇರ್ಕೊಂಡೆ, ಅದೂ ಅರ್ಧ. ಬಾಲ್ಕನಿಯ ಕನಕಾಂಬರ ಈಗಷ್ಟೇ ಮೊಗ್ಗು ಬಿಡ್ತಾ ಇದೆ. ಈ ಊರಲ್ಲಿ ಒಂದನ್ನಾದ್ರೂ ನಾನೇ ಮುಗಿಸಿ ಹೋದೆ ಅನ್ನೋದು ಬೇಡ್ವಾ ನಂಗೆ?"

ಇಷ್ಟೆಲ್ಲ ಹೇಳುವಾಗಲೂ ಅವರು ಹಿಡಿಕೆಯನ್ನು ಮಾತ್ರ ಬಿಟ್ಟಿರಲಿಲ್ಲ. ನಾವಾಗಿ ಬಿಡುವುದು ಬೇರೆ, ಬಿಡಬೇಕಾಗಿ ಬರುವುದು ಬೇರೆ. ನನ್ನ ಸಿದ್ಧಾಂತ ಮೊದಲನೆಯದಕ್ಕೆ ಮಾತ್ರ ಸರಿ, ಇಂದಿಗೂ ಸರಿಯೇ. ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ನಾನೂ ಎಳೆದೆ.

ಬಾಗಿಲಿನಾಚೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಒಂದು ಬೆಟ್ಟ, ಒಂದು ಬೆಳಗು. ನಮ್ಮ ಎರಡು ಗೊಂಬೆಗಳು ಅಲ್ಲಿ ಹೋಗಿ ಪಕ್ಕಪಕ್ಕ ಕುಳಿತವು. ಆಮೇಲೆ ಆಟ ತಯಾರಿಸಿದವರ ಹೆಸರುಗಳು ಸಾಲುಸಾಲಾಗಿ ಬರತೊಡಗಿದವು. ಬೇಗ ದಾಟಿಸಿಬಿಡೋಣವೆಂದು ಬಟನ್ ಒತ್ತಲು ಹೋದರೆ ಅವರು ನನ್ನ ಕೈ ಹಿಡಿದರು.

"ಇರಿ, ಪೂರ್ತಿ ನೋಡೋಣ."

ಗುರುತಿಲ್ಲದ ಆ ಹೆಸರುಗಳನ್ನೆಲ್ಲ ಅವರು ಕೊನೆಯವರೆಗೂ ಬಾಯಿ ಬಿಟ್ಟು ಓದಿದರು. ನಾನು ಅಳುತ್ತ ಕೇಳಿದೆ. ಪರದೆ ಕಪ್ಪಾದ ಮೇಲೆ ನನ್ನ ಕಡೆ ತಿರುಗಿ, "ಇಷ್ಟಕ್ಕೇನಾ ರೀ ನೀವು ಹೆದರಿದ್ದು?" ಎಂದರು.

"ಹೌದು, ಇಷ್ಟಕ್ಕೇ," ಎಂದೆ. ಅವರು ಚಾಚಿದ ಕಂಟ್ರೋಲರನ್ನು ತೆಗೆದುಕೊಳ್ಳಲು ನನಗೆ ಸ್ವಲ್ಪ ಹೊತ್ತು ಮನಸ್ಸಾಗಲಿಲ್ಲ.