ಸೊಕ್ಕೆಯ ಬಾಣಂತಿ ಖಾರ

ಖಾರದುಂಡೆಯ ಒಂದು ಬದಿಯಲ್ಲಿ ಮಾತ್ರ ಹಲ್ಲಿನ ಗುರುತಿತ್ತು. ಉಳಿದದ್ದನ್ನು ಆ ಬಾಣಂತಿ ಹುಡುಗಿ ಚಾಪೆಯ ಕೆಳಗೆ ಅಡಗಿಸಿದ್ದಳು.

ಅದು ೧೯೪೩. ಜಗಳೂರಿನ ಹೆಣ್ಣುಮಕ್ಕಳ ಔಷಧಾಲಯಕ್ಕೆ ನಾನು ಡಾಕ್ಟರಾಗಿ ಬಂದು ಕೆಲವೇ ತಿಂಗಳಾಗಿತ್ತು. ಹತ್ತಿರದ ಸೊಕ್ಕೆ ಹಳ್ಳಿಯಿಂದ ಗಾಡಿ ಕಳಿಸಿದ್ದರು. ಗಂಗಮ್ಮನಿಗೆ ಹತ್ತೊಂಬತ್ತು ವರ್ಷ, ಚೊಚ್ಚಲ ಹೆರಿಗೆ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಅತ್ತೆ ಬಸಮ್ಮನವರೇ ಬಾಣಂತನ ಮಾಡುತ್ತಿದ್ದರು. ಎದೆಹಾಲು ಇಂಗಿತ್ತು. ಮಗು ಅಳುವ ಶಕ್ತಿಯೂ ಇಲ್ಲದೆ ಮಲಗಿತ್ತು. ತಾಯಿಯ ನಾಲಿಗೆ ಒಣಗಿ ಬಿರಿದಿತ್ತು, ನಾಡಿ ಓಡುತ್ತಿತ್ತು. ಆದರೆ ಹೆರಿಗೆಯ ಸೋಂಕಿನ ಲಕ್ಷಣ ಕಾಣಲಿಲ್ಲ. ಈ ಮನೆಯ ಹಿರಿಯ ಸೊಸೆಯೂ ಬಾಣಂತನದಲ್ಲೇ ತೀರಿಕೊಂಡಳೆಂದು ಗಾಡಿಯವನು ದಾರಿಯಲ್ಲಿ ಹೇಳಿದ್ದ. ನಾನು ಉಂಡೆಯನ್ನು ಮೂಸಿ ನೋಡಿದೆ.

"ಇದಕ್ಕೆ ಏನೇನು ಹಾಕಿದ್ದೀರಿ?"

"ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಬೆಲ್ಲ. ಖಾರ ತಿಂದ್ರೆ ಮೈ ಗಟ್ಟಿ ಆಗ್ತೈತೆ, ಹಾಲು ಇಳೀತೈತೆ. ನಿಮ್ಮ ಕಾಲೇಜಿನಾಗೆ ಇದನ್ನ ಹೇಳಿಕೊಡಲ್ಲೇನು?"

"ಇಷ್ಟೇನಾ?"

ಬಸಮ್ಮನವರಿಗೆ ನನ್ನ ಅನುಮಾನ ತಿಳಿಯಿತು. "ವಿಷ ಹಾಕೀನಿ ಅಂತೀರೇನು ಡಾಕ್ಟ್ರಮ್ಮಾರೆ? ತಡೀರಿ." ಡಬ್ಬಿಯಿಂದ ಇಡೀ ಉಂಡೆಯೊಂದನ್ನು ತೆಗೆದು ನನ್ನೆದುರೇ ಅಗಿದು ನುಂಗಿದರು. ಕಣ್ಣು ತುಂಬಿಬಂತು. ಚೆಂಬೆತ್ತಿ ಗಟಗಟ ನೀರು ಕುಡಿದರು. ಗಂಗಮ್ಮನ ಕಣ್ಣು ಆ ಚೆಂಬಿನ ಜೊತೆಯೇ ಮೇಲೇರಿ ಕೆಳಗಿಳಿಯಿತು.

"ಇವಳಿಗೆ ನೀರು ಕೊಡುವುದಿಲ್ಲವೇ?"

"ಬಾಣಂತಿಗೆ ನೀರಾ? ಉಂಡ ಮ್ಯಾಲೆ ಒಂದು ಗುಟುಕು, ಅಷ್ಟೆ. ಹಿರೀ ಸೊಸೆ ಕದ್ದು ನೀರು ಕುಡಿದ್ಲು, ಸನ್ನಿ ಹಿಡಿದು ಹೋದ್ಲು. ಇವಳನ್ನೂ ಕಳಕೊಳ್ಳಾಕೆ ನನ್ನ ಕೈಲಾಗಲ್ಲ ರೀ."

ಹಿರಿಯವಳನ್ನು ಕೊಂದದ್ದು ಬಹುಶಃ ಸೋಂಕಿನ ಜ್ವರ. ಬಾಯಾರಿದ್ದೂ ಆ ಜ್ವರಕ್ಕೇ. ಹಾಗೆಂದು ವಾದಿಸಿದ್ದರೆ, ನಾನು ಗಾಡಿ ಹತ್ತಿದ ಕೂಡಲೇ ಚೆಂಬನ್ನು ಎತ್ತಿಡುತ್ತಿದ್ದರು.

"ಕಷಾಯ ಕೊಡಬಹುದೇ?"

"ಕಷಾಯಕ್ಕೇನು, ಅದು ಔಷಧ."

ಉಂಡೆಯ ಚೂರೊಂದನ್ನು ದೊಡ್ಡ ಪಾತ್ರೆ ನೀರಿಗೆ ಹಾಕಿ ಕುದಿಸಿ, ಆರಿಸಿ, ಚಿಟಿಕೆ ಉಪ್ಪು ಬೆರೆಸಿ ಲೋಟಗಟ್ಟಲೆ ಕುಡಿಸಿದೆ. ಹಾಲು ಬರುವವರೆಗೆ ಮಗುವಿಗೆ ಪಕ್ಕದ ಮನೆಯ ತಾಯಿಯೊಬ್ಬಳು ಮೊಲೆಯೂಡಿಸಲು ಒಪ್ಪಿದಳು. ಅದೇ ಕಷಾಯವನ್ನು ಹಗಲೆಲ್ಲ ಕೊಡುತ್ತಿರಬೇಕೆಂದು ಹೇಳಿ ಬಂದೆ.

ಮುಂದಿನ ಸಂತೆಗೆ ಜಗಳೂರಿಗೆ ಬಂದ ಬಸಮ್ಮನವರು ಔಷಧಾಲಯದ ಜಗಲಿಯಲ್ಲೇ ನಿಂತು, "ಹಾಲು ಇಳಿದೈತೆ. ಖಾರ ಬಿಡಿಸಾಕೆ ಬಂದೋರು ನೀವೇ ಖಾರ ಕುಡಿಸಿದ್ರಿ ನೋಡ್ರಿ" ಎಂದು ನಕ್ಕರು. ಕಾಯುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು.

ಮೆಣಸು ಬಾಯಿಗೆ ರುಚಿ ತರುತ್ತದೆ, ಜೀರ್ಣಕ್ಕೂ ಒಳ್ಳೆಯದಿರಬಹುದು. ಹಾಲು ತರಿಸುತ್ತದೆಂಬುದನ್ನು ನಾನು ಇಂದಿಗೂ ನಂಬಿಲ್ಲ. ಗಂಗಮ್ಮನನ್ನು ಉಳಿಸಿದ್ದು ನೀರು. ರೋಗಿಗೆ ಏನು ತಿನ್ನಿಸುತ್ತಿದ್ದಾರೆಂದು ಅನುಮಾನಿಸುವ ಮೊದಲು ಏನನ್ನು ಕೊಡುತ್ತಿಲ್ಲವೆಂದು ಕೇಳಬೇಕು. ಸೊಕ್ಕೆಯ ಆ ದಿನ ನನಗೆ ಕಲಿಸಿದ್ದು ಇದು. ಆದರೂ ಅಂದು ಜಗಲಿಯಲ್ಲಿ ನಾನು ಬಸಮ್ಮನವರ ಮಾತನ್ನು ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ಔಷಧಾಲಯದ ಹಿಂದಿನ ಒಲೆಯ ಮೇಲೆ ಹಂಡೆ ತುಂಬ ನೀರಿಟ್ಟೆ. ಬರುವ ಬಾಣಂತಿಯರಿಗೆ ಕಷಾಯವೆಂದು ಹೇಳಲು, ನಾಲ್ಕು ಕಾಳು ಮೆಣಸು ಜಜ್ಜಿ ಹಾಕಿದೆ.