ಸುಮ್ನೆ ಎಂಬ ಒಂದನೇ ನಂಬರ್ ಕೆಲಸ

ಹೊಸಪೇಟೆಯಲ್ಲಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸಾಫ್ಟ್‌ವೇರ್ ಕಂಪನಿ. ಇದ್ದವರು ಮೂವರು: ನಾನು, ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುವ ಡಿಸೈನರ್, ಮತ್ತೆ ನಮ್ಮ ಬಾಸ್. ಸಂಡೂರಿನ ಕಡೆ ಗಣಿ ಕೆಲಸಗಾರರನ್ನು ಕರೆದೊಯ್ಯುವ ಬಸ್ಸುಗಳ ಮಾಲೀಕರೊಬ್ಬರಿಗೆ ಆಗ ಒಂದು ಆ್ಯಪ್ ಮಾಡುತ್ತಿದ್ದೆವು. ಬಸ್ಸು ಎಲ್ಲಿದೆ, ಎಷ್ಟು ಜನ ಹತ್ತಿದರು, ಡೀಸೆಲ್ ಯಾವಾಗ ಹಾಕಿಸಿದರು ಎಂದು ಚಾಲಕರು ಫೋನಿನಲ್ಲೇ ಒತ್ತಿ ತಿಳಿಸಬೇಕು.

ಅಲ್ಲಿಯವರೆಗೆ ನಮ್ಮ ಕೆಲಸಗಳೆಲ್ಲ ವಾಟ್ಸಾಪಿನಲ್ಲಿ, ಕ್ಯಾಲೆಂಡರಿನ ಹಿಂಬದಿಯಲ್ಲಿ, ಕೆಲವೊಮ್ಮೆ ಡಿಸೈನರಳ ಅಂಗೈ ಮೇಲೆ ನಡೆಯುತ್ತಿದ್ದವು. ಒಂದು ದಿನ ಬಾಸ್ ಯಾವುದೋ ವಿಡಿಯೊ ನೋಡಿ ಬಂದರು. "ಇನ್ನ ಮ್ಯಾಲ ಎಲ್ಲಾ ವೆಬ್‌ಸೈಟಿನ್ಯಾಗ. ಯಾರೂ ಬಾಯಿಲೆ ಹೇಳಂಗಿಲ್ಲ."

ಎಲ್ಲರೂ ಹಂಚಿಕೊಂಡು ಬಳಸುವ ವೆಬ್‌ಸೈಟು ಅದು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಚೀಟಿಯಲ್ಲಿ ನಂಬರು, ಮಾಡುವವರು ಯಾರು, ಎಷ್ಟು ತುರ್ತು, ಶೇಕಡಾ ಎಷ್ಟು ಮುಗಿಯಿತು, ಎಲ್ಲ ಇರುತ್ತಿತ್ತು. ಕನ್ನಡ ಅಕ್ಷರ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡೋಣ ಎಂದು ನಾನು ಮೊದಲ ಚೀಟಿ ತೆರೆದು "ಸುಮ್ನೆ" ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಕೂತವು. ತುರ್ತಿನ ಜಾಗದಲ್ಲಿ ಕೈತಪ್ಪಿ "ಅತಿ ತುರ್ತು" ಆಯಿತು. ಮಾಡುವವರ ಜಾಗದಲ್ಲಿ ನನ್ನ ಹೆಸರು ತಾನೇ ಬಂತು. ಅಳಿಸುವ ಅಧಿಕಾರ ಬಾಸ್‌ಗೆ ಮಾತ್ರ ಇತ್ತು. ಎಲ್ಲಿ ಒತ್ತಿದರೆ ಅಳಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. "ಇರ್ಲಿ ಬಿಡಮ್ಮ, ಏನು ಅನ್ನ ಕೇಳ್ತದೇನು?" ಎಂದರು.

ಎರಡು ವಾರದ ಮೇಲೆ ಬಸ್ ಮಾಲೀಕರ ಮ್ಯಾನೇಜರನ್ನೂ ಆ ವೆಬ್‌ಸೈಟಿಗೆ ಸೇರಿಸಿದರು. ಅವರು ಯಾವುದೋ ಕಚೇರಿಯಲ್ಲಿ ಆಯುಷ್ಯವೆಲ್ಲ ಫೈಲು ನೋಡಿ ನಿವೃತ್ತರಾದವರು. ಫೈಲನ್ನು ಮೊದಲ ಹಾಳೆಯಿಂದಲೇ ಓದುವ ಮನುಷ್ಯ. ಮರುದಿನ ಬೆಳಿಗ್ಗೆಯೇ ಫೋನು.

"ಮೇಡಂ, ಒಂದನೇ ನಂಬರ್ ಕೆಲಸ ಎಲ್ಲಿಗೆ ಬಂತ್ರಿ?"

"ಅದು ಸುಮ್ನ ಸರ್."

"ಹೌದ್ರಿ, ಸುಮ್ನ ಅಂತ ಬರದೈತಿ. ಎಲ್ಲಿಗೆ ಬಂತು ಅಂತ ಕೇಳಿದೆ."

"ಅಲ್ಲ ಸರ್, ಅದರಾಗ ಏನೂ ಇಲ್ಲ."

"ಎರಡು ವಾರ ಆತು, ಇನ್ನೂ ಏನೂ ಇಲ್ಲೇನ್ರಿ? ಮತ್ತ ಅತಿ ತುರ್ತು ಅಂತ ಬೇರೆ ಐತಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಚೀಟಿಯ ಕೆಳಗೆ ಅವರ ಷರಾ ಬಂದಿತ್ತು: "ಪ್ರಗತಿ ತೃಪ್ತಿಕರವಾಗಿಲ್ಲ." ನಾನು ಕೂಡಲೇ "ಕೈಬಿಡಲಾಗಿದೆ" ಎಂದು ಒತ್ತಿ ಚೀಟಿ ಮುಚ್ಚಿದೆ. ಅವರು ಮತ್ತೆ ತೆರೆದರು. "ಕಾರಣ ನೀಡದೆ ಕೈಬಿಟ್ಟಿರುವುದನ್ನು ಒಪ್ಪಲಾಗದು." ಮತ್ತೆ ಮುಚ್ಚಿದೆ, ಮತ್ತೆ ತೆರೆದರು. ನೋಡಿ ನೋಡಿ ಸಾಕಾದ ಡಿಸೈನರ್ ನನ್ನ ಕೈಯಿಂದ ಮೌಸ್ ಕಸಿದುಕೊಂಡು "ಶೇ. ೨೦" ಎಂದು ಹಾಕಿಬಿಟ್ಟಳು. "ಅಕ್ಕಾ, ಮನಷ್ಯಾಗ ಒಂದೀಟು ಸಮಾಧಾನ ಆಗ್ಲಿ."

ಆಯಿತು. ಮ್ಯಾನೇಜರ್ "ಸಂತೋಷ" ಎಂದು ಬರೆದರು.

ಆದರೆ ಇಪ್ಪತ್ತಾದದ್ದು ಇಪ್ಪತ್ತರಲ್ಲೇ ನಿಲ್ಲುವಂತಿಲ್ಲವಲ್ಲ. ಪ್ರತಿ ಸೋಮವಾರ ಅವರು ಕೇಳುತ್ತಿದ್ದರು, ನಾವು ಐದೋ ಹತ್ತೋ ಏರಿಸುತ್ತಿದ್ದೆವು. ಸಂಡೂರಿನಲ್ಲಿ ಮೀಟಿಂಗ್ ಆದ ದಿನ ಮಾಲೀಕರೇ ಎಲ್ಲರ ಮುಂದೆ ಕೇಳಿದರು, "ಉಳಿದದ್ದೆಲ್ಲಾ ತಿಳೀತು. ಈ ಸುಮ್ನೆ ಯಾಕ ಇಷ್ಟು ತಡ?" ನಾನು ಬಾಸ್ ಮುಖ ನೋಡಿದೆ. ನಿಜ ಹೇಳುತ್ತಾರೆ ಎಂದುಕೊಂಡೆ. ಅವರು ನೀರು ಕುಡಿದು, "ಸರ್, ಎಲ್ಲಾದಕ್ಕಿಂತ ಅದ ಭಾಳ ಕಠಿಣ," ಎಂದರು. ಹೊಸಪೇಟೆಗೆ ವಾಪಸು ಬಂದವರೇ ಚೀಟಿಯನ್ನು ಮೂರು ಭಾಗ ಮಾಡಿದರು: ಸುಮ್ನೆ ವಿನ್ಯಾಸ, ಸುಮ್ನೆ ತಯಾರಿ, ಸುಮ್ನೆ ಪರೀಕ್ಷೆ.

ನನಗೆ ನಾಚಿಕೆಯೆನಿಸಿತು. ಇನ್ನೊಂದು ವಾರ ಬಿಟ್ಟು ಒಬ್ಬಳೇ ಸಂಡೂರಿನ ಬಸ್ಸು ಹತ್ತಿದೆ. ಮ್ಯಾನೇಜರ್ ಮೇಜಿನ ಮೇಲೆ ಕೆಂಪು ದಾರ ಕಟ್ಟಿದ ಫೈಲಿತ್ತು. ವೆಬ್‌ಸೈಟಿನ ಹಾಳೆಗಳನ್ನು ದಿನಾ ಮುದ್ರಿಸಿ, ಸಹಿ ಹಾಕಿ, ಅದರಲ್ಲಿ ಸೇರಿಸಿದ್ದರು. "ಬರ್ರಿ, ಕುಂದ್ರಿ" ಎಂದು ಚಹಾ ತರಿಸಿದರು. ನಾನು ಅಕ್ಷರ ಪರೀಕ್ಷೆಯಿಂದ ಹಿಡಿದು ಇಪ್ಪತ್ತರವರೆಗೆ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಾಗಿತ್ರಿ ನನಗ, ಮೂವತ್ತರ ಹೊತ್ತಿಗೆ."

"ಮತ್ತೆ ಯಾಕೆ ಸರ್ ಕೇಳ್ತಿದ್ರಿ?"

"ದೊಡ್ಡ ದೊಡ್ಡ ವಿಷಯ ಬರದು ಒಳಗ ಏನೂ ಇಲ್ಲದ ಫೈಲು ಭಾಳ ನೋಡೀನಿ. ಮ್ಯಾಲ ಬರದದ್ದೂ ಒಳಗ ಇದ್ದದ್ದೂ ಒಂದ ಇದ್ದ ಫೈಲು ಇದೊಂದ. ಮುಚ್ಚಾಕ ಮನಸ್ ಬರ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು. "ಆದ್ರ ಈಗ ಮಾಲೀಕರಿಗೆ ಅರವತ್ತು ಅಂತ ಹೇಳೀನಿ. ಅರವತ್ತರಿಂದ ಕೆಳಗ ಬರಾಕ ಆಗೂದಿಲ್ರಿ. ನೂರು ಮಾಡ್ರಿ."

ಹಾಗಾಗಿ ಮಾಡಿದೆವು. ಚಾಲಕರ ಪರದೆಯ ಕೆಳಗೆ ಒಂದು ದುಂಡನೆಯ ಗುಂಡಿ, ಅದರ ಮೇಲೆ "ಸುಮ್ನೆ" ಎಂಬ ಹೆಸರು. ಒತ್ತಿದರೆ "ಆಯ್ತು" ಎನ್ನುತ್ತದೆ, ಅಷ್ಟೇ. ಡಿಸೈನರ್ ಅದಕ್ಕೆ ಅರಿಶಿನ ಬಣ್ಣ ಕೊಟ್ಟಳು. ಪರೀಕ್ಷೆಯ ದಿನ ಬಾಸ್ ಇಪ್ಪತ್ತು ಸಲ ಒತ್ತಿ, "ಒಂದು ಸಲನೂ ತಪ್ಪಲಿಲ್ಲ!" ಎಂದು ಹೆಮ್ಮೆಯಿಂದ ಹೇಳಿದರು. ತಪ್ಪಲು ಅದರಲ್ಲಿ ಏನಿತ್ತು?

ಆ್ಯಪ್ ಚಾಲಕರ ಕೈಗೆ ಹೋಯಿತು. ಮೊದಲ ತಿಂಗಳಲ್ಲೇ ಎಷ್ಟು ಜನ ಹತ್ತಿದರೆಂಬ ಲೆಕ್ಕ ಎರಡು ದಿನ ಕೆಟ್ಟು ನಿಂತಿತ್ತು. ಒಬ್ಬರೂ ಕೇಳಲಿಲ್ಲ. ಆಮೇಲೊಂದು ಬೆಳಿಗ್ಗೆ, ಹೊಸ ಆವೃತ್ತಿ ಹಾಕುವಾಗ ನನ್ನ ತಪ್ಪಿನಿಂದ ಸುಮ್ನೆ ಗುಂಡಿ ಮಾಯವಾಯಿತು. ಹಲ್ಲುಜ್ಜುತ್ತಿದ್ದೆ, ಫೋನು ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಚಾಲಕರು. "ಮೇಡಂ, ಸುಮ್ನೆ ಎಲ್ಲಿ ಹೋತ್ರಿ? ಗಾಡಿ ಹ್ಯಾಂಗ ಬಿಡೂದು?" ಅದಿಲ್ಲದೆ ಗಾಡಿ ಬಿಡಬಹುದು ಎಂದರೂ ಒಬ್ಬರಂತೂ ಕೇಳಲಿಲ್ಲ, ಗಣಿಯ ಗೇಟಿನಲ್ಲೇ ಬಸ್ಸು ನಿಲ್ಲಿಸಿಕೊಂಡರು. ಬಾಯಿ ಮುಕ್ಕಳಿಸಿ, ಲ್ಯಾಪ್‌ಟಾಪ್ ತೆರೆದು, ಗುಂಡಿ ಮತ್ತೆ ಇಟ್ಟೆ. ಬಸ್ಸು ಹೊರಟಿತಂತೆ. ಮ್ಯಾನೇಜರ್ ವೆಬ್‌ಸೈಟಿನಲ್ಲಿ ಬರೆದರು: "ಸೇವೆಯಲ್ಲಿ ವ್ಯತ್ಯಯ. ಮರುಕಳಿಸದಂತೆ ನೋಡಿಕೊಳ್ಳತಕ್ಕದ್ದು."

ಹೋದ ಚಳಿಗಾಲದ ಒಂದು ಭಾನುವಾರ ನಾನೂ ನನ್ನ ಗಂಡನೂ ಹಂಪಿಗೆ ಹೋಗಿದ್ದೆವು. ಆ ಕಂಪನಿಯದೇ ಒಂದು ಬಸ್ಸು ಕೆಲಸಗಾರರ ಸಂಸಾರಗಳನ್ನು ಪ್ರವಾಸಕ್ಕೆ ಕರೆತಂದು, ಬಂಡೆಯ ನೆರಳಲ್ಲಿ ನಿಂತಿತ್ತು. ಚಾಲಕರು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಅರಿಶಿನ ಗುಂಡಿ ಒತ್ತುತ್ತಿದ್ದರು. ನಾನು ಯಾರೆಂದು ಹೇಳದೆ, "ಅದೇನ್ರಿ ಅದು?" ಎಂದು ಕೇಳಿದೆ.

"ಆಫೀಸಿಂದು ಬಿಡ್ರಿ. ಗಾಡಿ ನಿಂತಾಗೊಮ್ಮೆ, ಬಿಡೂ ಮುಂದ ಒಮ್ಮೆ ಒತ್ತಬೇಕು. ನಾವು ಎಲ್ಲೂ ತಿರಗಾಕ ಹೋಗಿಲ್ಲ, ಸುಮ್ನ ಕುಂತೀವಿ ಅಂತ ಮ್ಯಾಲಿನೋರಿಗೆ ಗೊತ್ತಾಗ್ತೈತಿ."

"ಯಾರು ಹೇಳಿದ್ರು ನಿಮಗ?"

"ಹೇಳೂದೇನೈತ್ರಿ, ಮ್ಯಾಲ ಬರದೈತಲ್ಲ." ಪಕ್ಕದಲ್ಲಿ ಗಂಡ ಕೆಮ್ಮಿದಂತೆ ಮಾಡಿ ಅತ್ತ ತಿರುಗಿ ನಿಂತ. ಚಾಲಕರು ನನ್ನನ್ನೊಮ್ಮೆ ನೋಡಿ, ತಿಳಿಯದವಳೆಂದು ಕನಿಕರಪಟ್ಟು, ಇನ್ನಷ್ಟು ಬಿಡಿಸಿ ಹೇಳಿದರು: "ಕಂಪ್ಯೂಟರಿನ್ಯಾಗ ದೊಡ್ಡ ದೊಡ್ಡೋರು ತಿಂಗಳಾನುಗಟ್ಟಲೆ ಕುಂತು ಮಾಡ್ಯಾರಂತ್ರಿ ಇದನ್ನ."

"ಹೌದೇನ್ರಿ?" ಎಂದೆ.