ಶ್ಯಾವಿಗೆ ಒಣಗುವ ಬಯಲು

ನಮ್ಮ ಓಣಿಯ ಹಿಂದೆ ಒಂದು ಬಯಲಿದೆ. ನಕ್ಷೆಯಲ್ಲಿ ಅದು ಉದ್ಯಾನವಂತೆ. ಅಲ್ಲಿ ಒಂದು ಹೂವಿನ ಗಿಡವನ್ನೂ ನಾನು ಕಂಡವಳಲ್ಲ. ಬೇಸಿಗೆ ಬಂತೆಂದರೆ ಅದು ಪಕ್ಕದ ಮನೆಯ ಅಕ್ಕನದು. ಗಂಡ ತೀರಿಕೊಂಡ ಮೇಲೆ ಶ್ಯಾವಿಗೆ ಮಷಿನ್ ನಂಬಿ ಮಕ್ಕಳನ್ನು ಓದಿಸಿದವಳು ಆಕೆ. ರಾಜೂರ, ಇಟಗಿ ಕಡೆಯ ಹೆಣ್ಣುಮಕ್ಕಳು ಗೋಧಿ ರವೆ ತಂದು ಕೊಡುತ್ತಾರೆ. ಅಕ್ಕ ಎಳೆ ತೆಗೆದು, ಬಯಲಲ್ಲಿ ಕೋಲುಗಳ ಮೇಲೆ ಇಳಿಬಿಟ್ಟು ಒಣಗಿಸುತ್ತಾಳೆ.

ಒಮ್ಮೆ ಚಳಿಗಾಲದಲ್ಲಿ ಇಬ್ಬರು ಬಯಲನ್ನು ಅಳೆಯಲು ಬಂದರು. ಗಟಾರ ಮಾಡಿಸಲು ಬಂದಿದ್ದಾರೆಂದು ನಾವೇ ತೀರ್ಮಾನಿಸಿಬಿಟ್ಟೆವು. ವರ್ಷಗಟ್ಟಲೆ ಗಟಾರ ಕೇಳಿದ್ದೆವಲ್ಲ! ಮನೆಮುಂದೆ ಬಂದವರನ್ನು ಹಾಗೇ ಕಳಿಸುವುದುಂಟೇ? ಗಿರ್ಮಿಟ್ಟು, ಮಿರ್ಚಿ, ಚಹಾ ಎಲ್ಲ ಆಯಿತು. "ಇನ್ನಷ್ಟು ಹಾಕ್ಕೋರ್ರಿ" ಎಂದು ನಾನೇ ಉಪಚಾರ ಮಾಡಿದೆ. ಅಕ್ಕನಂತೂ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಳು. ತಿಂದವರು ಬಾಯಿ ಬಿಡಲಿಲ್ಲ.

ಆಮೇಲೆ ಒಂದು ದಿನ, ಓಣಿಯ ನಿವೃತ್ತ ಮಾಸ್ತರರು ಪುರಸಭೆ ಕಚೇರಿಗೆ ಹೋದವರು ಸುದ್ದಿ ತಂದರು. ಉದ್ಯಾನದ ಜಾಗ ಈಗ ವಾಣಿಜ್ಯ ವಲಯ. ಅಲ್ಲಿ ಅಂಗಡಿಗಳ ಕಟ್ಟಡ ಏಳುತ್ತದೆ. ತಕರಾರು ಸಲ್ಲಿಸುವ ಅವಧಿಯೂ ಮುಗಿದಿದೆ. ನನಗೆ ಪಿತ್ತ ನೆತ್ತಿಗೇರಿತು. ಅಕ್ಕ ಮಾತ್ರ ಮೆಲ್ಲಗೆ, "ಮಷಿನ್ ಮನ್ಯಾಗ ಇಟ್ಕೋಬಹುದು, ಬಿಸಲಾ ಎಲ್ಲಿಂದ ತರ್ಲಿ ತಂಗಿ?" ಎಂದಳು.

"ಊರು ಕೊಳ್ಳಿ ಹೊಡದ ಮ್ಯಾಲ ಕೋಟಿ ಬಾಗಲಾ ಹಾಕಿದಂಗಾತು" ಎಂದು ಮಾಸ್ತರರು ನಿಟ್ಟುಸಿರುಬಿಟ್ಟರು.

"ಬಾಗಲಾ ಹಾಕಾಕರೆ ಹೋಗೂಣ, ಏಳ್ರಿ ಮಾಸ್ತರ" ಎಂದು ನಾನು ಎಬ್ಬಿಸಿದೆ.

ಓಣಿಯೇ ಕಚೇರಿಗೆ ಹೊರಟಿತು. ಅಲ್ಲಿನ ನೌಕರ ತಲೆ ಎತ್ತದೆ, "ಬೋರ್ಡಿಗೆ ನೋಟಿಸ್ ಹಚ್ಚಿದ್ವಲ್ರಿ, ನೀವು ಓದಬೇಕಿತ್ತು" ಎಂದ.

"ನಳಾ ಬರೂದಿಲ್ಲಂದ್ರ ಆಟೋದಾಗ ಕೂಗಿಸ್ತೀರಿ. ದನಕ್ಕ ಸೂಜಿ ಹಾಕ್ತೀವಂದ್ರ ಕೂಗಿಸ್ತೀರಿ. ಬಯಲು ಹೋಗ್ತೈತಿ ಅಂತ ಹೇಳೂ ದಿನಾನ ಆಟೋ ಕೆಟ್ಟಿತ್ತೇನ್ರಿ?" ಎಂದೆ. ಸಾಲಿನಲ್ಲಿ ನಿಂತ ಬೇರೆ ಓಣಿಯವರೂ ನಕ್ಕರು. ಗದ್ದಲ ಕೇಳಿ ಮೇಲಧಿಕಾರಿ ಹೊರಗೆ ಬಂದರು. ಮಾಸ್ತರರು ಬರೆದಿದ್ದ ತಕರಾರು ಅರ್ಜಿ ಓದಿ, ಜಾಗ ನೋಡಿಯೇ ಮುಂದಿನ ಮಾತು ಎಂದರು.

ಅವರು ಬಂದದ್ದು ಬೇಸಿಗೆಯ ಮಧ್ಯಾಹ್ನ. ಬಯಲ ತುಂಬ ಶ್ಯಾವಿಗೆ ಎಳೆಗಳು ತೂಗುತ್ತಿದ್ದವು. "ಸಾಹೇಬ್ರ, ತಲಿ ಬಗ್ಸಿ ಬರ್ರಿ, ಎಳಿ ಹರೀತಾವ" ಎಂದಳು ಅಕ್ಕ. ಸಾಹೇಬರು ಬಗ್ಗಿದರು. ನನಗೆ ಎಂಥ ಖುಷಿ!

"ಇಲ್ಲಿ ಉದ್ಯಾನ ಎಲ್ಲೈತ್ರಿ?" ಎಂದು ಅವರು ಕೇಳಿದರು.

"ಅಂಚಿಗೆ ಗಿಡಾ ಹಚ್ಚಿಕೊಡ್ರಿ, ನೀರು ನಾವ ಹಾಕ್ತೀವಿ. ನಡುವಿನ ಬಿಸಲಾ ಅಷ್ಟ ನಮಗ ಬಿಡ್ರಿ" ಎಂದಳು ಅಕ್ಕ. ಅವರು ಮತ್ತೆ ತಲೆ ಬಗ್ಗಿಸಿಯೇ ಎಳೆಗಳನ್ನು ದಾಟಿ ಹೋದರು. ಸ್ವಲ್ಪ ದಿನಕ್ಕೆ ಆದೇಶಕ್ಕೆ ತಡೆ ಬಿತ್ತು. ಓಣಿಯವರ ಮಾತು ಕೇಳಿಯೇ ಹೊಸದಾಗಿ ತೀರ್ಮಾನ ಮಾಡುತ್ತಾರಂತೆ. ಗೆದ್ದೆವೆಂದು ಹೇಳಲಾರೆ, ಆದರೆ ನಮ್ಮನ್ನು ಬಿಟ್ಟು ಇನ್ನು ಏನೂ ಆಗದು.

ಸುದ್ದಿ ಬಂದ ಸಂಜೆ ರಾಜೂರಿನ ಹೆಂಗಸೊಬ್ಬಳು ತನ್ನ ಶ್ಯಾವಿಗೆ ಒಯ್ಯಲು ಬಂದಳು. "ಬರೂ ವರ್ಷ ಮಷಿನ್ ಇರತೈತಿಲ್ಲೋ ಯಕ್ಕಾ?" ಎಂದು ಅಳುಕುತ್ತಲೇ ಕೇಳಿದಳು.

ಅಕ್ಕ ಗಂಟು ಕಟ್ಟುತ್ತ, "ಯುಗಾದಿಕಿಂತ ಮೊದಲ ಬಾರವಾ, ಆಮ್ಯಾಲ ಗದ್ಲಾ ಭಾಳ ಆಕ್ಕೈತಿ" ಎಂದಳು.